“ಫಾಂಟ್ ಹೋಗಿದೆ” ಅಂದಾಗ ನಿಜವಾಗಿ ಹೋಗಿರುವುದೇನು?

ಶಿರಸಿಯಲ್ಲಿ ಅಡಿಕೆ ವಹಿವಾಟಿನ ಕೌಂಟರಾಗಲಿ, ಕಾರವಾರದಲ್ಲಿ ಮೀನುಗಾರರ ಸಂಘದ ಕಚೇರಿಯಾಗಲಿ, ಡೇಟಾಬೇಸ್ ಫಾರ್ಮಿನಲ್ಲಿ ಸದಸ್ಯರ ಹೆಸರು ಕೆಟ್ಟು ಕಂಡರೆ ಸಿಬ್ಬಂದಿ ಹೇಳುವುದು ಒಂದೇ ಮಾತು: “ಫಾಂಟ್ ಹೋಗಿದೆ.” ಹೊಸ ಫಾಂಟ್ ಹಾಕುತ್ತಾರೆ, ಕಂಪ್ಯೂಟರ್ ಮತ್ತೆ ಚಾಲೂ ಮಾಡುತ್ತಾರೆ, ಫಲವಿಲ್ಲ. ಹೆಚ್ಚಿನ ಸಲ ಫಾಂಟಿನದು ತಪ್ಪೇ ಇರುವುದಿಲ್ಲ.

ಮೊದಲು ಒಳಗೆ ಏನಿದೆ ನೋಡಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಕಂಟ್ರೋಲ್ ಮತ್ತು ಜಿ ಒತ್ತಿ ಇಮಿಡಿಯೆಟ್ ವಿಂಡೋ ತೆರೆದು, ಆ ಕಾಲಂಗೆ ಆಸ್ಕ್‌ಡಬ್ಲ್ಯು ಫಂಕ್ಷನ್ ಹಾಕಿದರೆ ಮೊದಲ ಅಕ್ಷರದ ಸಂಖ್ಯೆ ಬರುತ್ತದೆ. ಅದೇ ಕಂಪನಿಯ ದೊಡ್ಡ ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ ಯೂನಿಕೋಡ್ ಎಂಬ ಫಂಕ್ಷನ್ ಇದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗ 3200ರಿಂದ 3327. ‘ಕ’ ಅಂದರೆ 3221. ಸಂಖ್ಯೆ ಈ ಮಿತಿಯೊಳಗಿದ್ದರೆ ದತ್ತಾಂಶ ಕ್ಷೇಮ, ಕೆಟ್ಟಿರುವುದು ತೋರಿಕೆ ಮಾತ್ರ. 63 ಬಂದರೆ ಒಳಗಿರುವುದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಆ ಹೆಸರು ಬ್ಯಾಕಪ್‌ನಲ್ಲಿ ಇಲ್ಲವಾದರೆ ಮತ್ತೆ ಟೈಪ್ ಮಾಡುವುದೇ ಗತಿ.

ತೋರಿಕೆಯ ದೋಷಕ್ಕೆ ಸಾಮಾನ್ಯ ಕಾರಣ ತುಂಗಾ ಎಂಬ ಫಾಂಟ್ ಇಲ್ಲದಿರುವುದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮಾಡಿದ ಹಲವು ಫಾರ್ಮುಗಳು ಇದೇ ಫಾಂಟನ್ನು ನೆಚ್ಚಿಕೊಂಡಿವೆ. ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಬೇಕು. ಆದರೆ ಪ್ರತಿ ಯಂತ್ರಕ್ಕೂ ತುಂಗಾ ಹಾಕುತ್ತ ಕೂರುವುದಕ್ಕಿಂತ ಫಾರ್ಮನ್ನೇ ನಿರ್ಮಲಾ ಯುಐ ಫಾಂಟಿಗೆ ಬದಲಿಸುವುದು ಲೇಸು. ಅದು ವಿಂಡೋಸ್ 8ರಿಂದ ಜೊತೆಗೇ ಬರುತ್ತದೆ, ದೇವನಾಗರಿಯೂ ಅದರಲ್ಲಿದೆ. ಕಾರವಾರದ ಕಡೆ ಕೊಂಕಣಿ ಹೆಸರುಗಳನ್ನು ದೇವನಾಗರಿಯಲ್ಲಿ ತುಂಬುವವರಿಗೆ ಇದು ದೊಡ್ಡ ಅನುಕೂಲ. ಫಾರ್ಮನ್ನು ಡಿಸೈನ್ ವ್ಯೂನಲ್ಲಿ ತೆರೆದು ಪ್ರತಿ ಟೆಕ್ಸ್ಟ್ ಬಾಕ್ಸ್, ಲೇಬಲ್, ಕಾಂಬೋ ಬಾಕ್ಸ್‌ನ ಫಾಂಟ್ ನೇಮ್ ಬದಲಿಸಿ. ಡೇಟಾಶೀಟ್ ನೋಟಕ್ಕೆ ಪ್ರತ್ಯೇಕ ಫಾಂಟ್ ಸೆಟ್ಟಿಂಗ್ ಇದೆ, ಅದನ್ನು ಮರೆಯುವವರೇ ಹೆಚ್ಚು.

ಫಾಂಟ್ ಸರಿಯಾದ ಮೇಲೆ ಒತ್ತಕ್ಷರ ನೋಡಿ. ಇಂಗ್ಲಿಷಿಗೆ ಅಳೆದು ಮಾಡಿದ ಬಾಕ್ಸಿನಲ್ಲಿ ‘ಯಲ್ಲಾಪುರ’ದ ಲಾವತ್ತು ಅರ್ಧ ಕತ್ತರಿಸಿಹೋಗುತ್ತದೆ, ‘ಶಾಸ್ತ್ರಿ’ಯ ಬುಡವೇ ಕಾಣುವುದಿಲ್ಲ. ಅಕ್ಷರ ಸಣ್ಣದು ಮಾಡಬೇಡಿ, ಬಾಕ್ಸಿನ ಎತ್ತರ ಹೆಚ್ಚಿಸಿ.

63 ಬಂದವರ ಕಥೆ ಬೇರೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಾಲಂ ವಾರ್‌ಚಾರ್ ಎಂಬ ಹಳೆ ಬಗೆಯದಾಗಿದ್ದರೆ, ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಮಾಡಿ. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಯಲ್ಲಾಪುರ’ ಡೇಟಾಬೇಸಿಗೆ 8 ಸಂಕೇತ, ಉದ್ದ ಕೊಡುವಾಗ ಕೈ ಬಿಗಿ ಬೇಡ. ಕಾಲಂ ಸರಿಯಿದ್ದೂ ಪ್ರಶ್ನಾರ್ಥಕ ಬರುತ್ತಿದ್ದರೆ ಇನ್ಸರ್ಟ್ ವಾಕ್ಯದಲ್ಲಿ ಕನ್ನಡ ಪಠ್ಯದ ಉದ್ಧರಣ ಚಿಹ್ನೆಗೆ ಮೊದಲು ದೊಡ್ಡ ಎನ್ ಅಕ್ಷರ ಇದೆಯೇ ನೋಡಿ. ಮೈಎಸ್‌ಕ್ಯುಎಲ್ ಆದರೆ ಡೇಟಾಬೇಸಿಗೆ ಕೊಂಡಿ ಹಾಕುವ ಒಡಿಬಿಸಿಯಲ್ಲಿ ‘ಆನ್ಸಿ’ (ಯೂನಿಕೋಡ್‌ಗೆ ಮುಂಚಿನ ಸಂಕೇತ ಪದ್ಧತಿ) ಡ್ರೈವರ್ ಆರಿಸಿರುತ್ತಾರೆ. ‘ಯೂನಿಕೋಡ್’ ಡ್ರೈವರ್‌ಗೆ ಬದಲಿಸಿ. ಆಕ್ಸೆಸ್‌ನ ಪ್ರೋಗ್ರಾಮಿಂಗ್ ಭಾಷೆ ವಿಬಿಎಯ ಕೋಡಿನೊಳಗೆ ನೇರ ಕನ್ನಡ ಬರೆದರೂ ಇದೇ ಪಾಡು. ವಿಂಡೋಸ್‌ನ ಭಾಷಾ ಸೆಟ್ಟಿಂಗ್ ಆದ ಸಿಸ್ಟಮ್ ಲೊಕೇಲನ್ನು ಕನ್ನಡ ಮಾಡಿ ಎಂಬ ಸಲಹೆ ಇಲ್ಲಿ ದಂಡ, ಯಾಕೆಂದರೆ ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ (ಅಕ್ಷರಗಳ ಸಂಕೇತಪಟ್ಟಿ) ಎಂಬುದೇ ಇಲ್ಲ. ಸಂದೇಶಗಳನ್ನು ಒಂದು ಟೇಬಲ್‌ನಲ್ಲಿಟ್ಟು, ಅಲ್ಲಿಂದ ಓದಿ ಲೇಬಲ್‌ನಲ್ಲಿ ತೋರಿಸಿ.

‘ಕನ್ನಡ’ ಎಂದಿರಬೇಕಾದಲ್ಲಿ ದೊಡ್ಡ ಪಿ, ತಲೆಗೀಟಿನ ದೊಡ್ಡ ಎ, ಪೌಂಡ್ ಗುರುತು ಸಾಲಾಗಿ ಕಂಡರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ದತ್ತಾಂಶ. ಅಲ್ಲಿ ಆಸ್ಕ್‌ಡಬ್ಲ್ಯು 80 ಎನ್ನುತ್ತದೆ. ಹಳೆ ಫಾಂಟ್ ಹಾಕಿದರೆ ಓದಲು ಬರುತ್ತದೆ, ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ, ಫಲಿತಾಂಶವನ್ನು ಹೊಸ ಕಾಲಂಗೆ ಹಾಕಿ. ಹಳೆಯದನ್ನು ತಕ್ಷಣ ಅಳಿಸಬೇಡಿ. ಇಂಗ್ಲಿಷ್ ಹೆಸರುಗಳೂ ಅದೇ ಕಾಲಂನಲ್ಲಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ, ಮೊದಲೇ ಬೇರ್ಪಡಿಸಿ. ಇನ್ನು 224 ಬಂದು, ಸಣ್ಣ ಎ ಪಕ್ಕ ಮೇಲುಬರಹದ 2 ಅಥವಾ 3 ಮತ್ತೆ ಮತ್ತೆ ಕಂಡರೆ, ಯುಟಿಎಫ್-8 (ಯೂನಿಕೋಡ್ ಉಳಿಸುವ ಒಂದು ಬಗೆ) ಪಠ್ಯವನ್ನು ಲ್ಯಾಟಿನ್ ಎಂದು ಓದಲಾಗಿದೆ. ಆಮದು ಮಾಡುವಾಗ ಎನ್‌ಕೋಡಿಂಗ್ 65001, ಅಂದರೆ ಯುಟಿಎಫ್-8, ಕೊಟ್ಟರೆ ಸಾಕು.

ತೋರಿಕೆ ಪೂರ್ತಿ ಸರಿಯಿದ್ದೂ ‘ಅಂಕೋಲಾ’ ಹುಡುಕಿದರೆ ಅರ್ಧ ಸದಸ್ಯರು ಸಿಗದಿದ್ದರೆ ಲೆನ್ ಫಂಕ್ಷನ್‌ನಿಂದ ಉದ್ದ ನೋಡಿ. 6 ಬರಬೇಕು. 7 ಅಥವಾ 8 ಬಂದರೆ ಕೆಲವು ಕೀಲಿಮಣೆ ತಂತ್ರಾಂಶಗಳು ಓಕಾರವನ್ನು ತುಂಡಾಗಿ ಬರೆದಿವೆ. ಮೊದಲು 3270 ಮತ್ತು 3266ರ ಜೋಡಿಯನ್ನು 3274 ಮಾಡಿ, ಆಮೇಲೆ 3274 ಮತ್ತು 3285ರ ಜೋಡಿಯನ್ನು 3275 ಮಾಡಿ. ಏಕಾರಕ್ಕೆ 3270 ಮತ್ತು 3285 ಸೇರಿ 3271. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ರಿಪ್ಲೇಸ್ ಓಡಿಸುವಾಗ ಬೈನರಿ ಕೊಲೇಶನ್ (ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಕ್ರಮ) ಕೊಡಿ, ಮೊದಲು ಟೇಬಲ್ಲಿನ ಒಂದು ನಕಲಿನ ಮೇಲೆ ಪ್ರಯೋಗ ಮಾಡಿ.