ಹೊಳೆ ದಡದ ಪೊದೆಗೆ ಕೈ ಹಚ್ಚುವ ಮುಂಚೆ

ಕೆರೆ, ಹೊಳೆ, ರಾಜಕಾಲುವೆ ಪಕ್ಕ ಗಿಡ ಬೆಳೆಸುವ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಕರೆಯುವವರು ಜಾಸ್ತಿ ಬಡಾವಣೆ ಸಂಘದವರು, ಆಗಾಗ ಕಂಪನಿಗಳ ಸಿಎಸ್‌ಆರ್ ತಂಡದವರು. ಮೊದಲ ಮೀಟಿಂಗಿನಲ್ಲೇ ಒಂದು ಮಾತು ಬಂದೇ ಬರುತ್ತದೆ: 'ಮೊದಲು ಆ ಕಾಡು ಕ್ಲೀನ್ ಮಾಡಿಸಿಬಿಡೋಣ.' ಅವರು ಕಾಡು ಅನ್ನುವುದು ದಡದ ಪೊದೆಗೆ. ಲಕ್ಕಿ ಗಿಡ, ಲಂಟಾನ, ಜೊಂಡು, ಮೇಲೆ ಹಬ್ಬಿದ ಬಳ್ಳಿ, ಒಳಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರು. ಜೆಸಿಬಿ ತಂದು ಅದನ್ನೆಲ್ಲ ಬೋಳಿಸಿ, ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ಹತ್ತು ಅಡಿಗೊಂದು ಹೊಂಗೆ ಸಸಿ ನೆಟ್ಟುಬಿಟ್ಟರೆ ಪರಿಸರ ಉಳಿಯಿತು ಅಂತ ಲೆಕ್ಕ. ಫೋಟೊ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಇಂಥ ಮೀಟಿಂಗುಗಳಲ್ಲಿ ನಾನು ಹೇಳುವುದು ದೂರದ ಒಂದು ಹಕ್ಕಿಯ ಕತೆ. ಹೆಸರು ಲೀಸ್ಟ್ ಬೆಲ್ಸ್ ವಿರಿಯೊ. ದಕ್ಷಿಣ ಕ್ಯಾಲಿಫೋರ್ನಿಯಾದ ಹೊಳೆ ದಡಗಳಲ್ಲಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಮೆಕ್ಸಿಕೊ ಕಡೆ ಹೋಗುತ್ತದೆ. ಹತ್ತು ಗ್ರಾಂ ಕೂಡ ತೂಗದ ಬೂದು ಬಣ್ಣದ ಹಕ್ಕಿ, ನೋಡೋಕೆ ಏನೂ ವಿಶೇಷ ಇಲ್ಲ. ಹಾಡಿನಿಂದಲೇ ಗುರುತು ಹಿಡಿಯಬೇಕು. ಗಂಡು ಒಂದು ಸಲ ದನಿ ಏರಿಸಿ ಏನೋ ಕೇಳಿದ ಹಾಗೆ ನಿಲ್ಲಿಸುತ್ತದೆ, ಮರುಕ್ಷಣ ದನಿ ಇಳಿಸಿ ತಾನೇ ಉತ್ತರ ಹೇಳುತ್ತದೆ. ಒಂದು ಕಾಲಕ್ಕೆ ಆ ಕಡೆ ತೀರಾ ಮಾಮೂಲಿ ಹಕ್ಕಿ ಇದು. ಕ್ಯಾಲಿಫೋರ್ನಿಯಾ ರಾಜ್ಯ 1980ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರ 1986ರಲ್ಲಿ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದವು. ಆಗ ಉಳಿದಿದ್ದದ್ದು ಸುಮಾರು 300 ಜೋಡಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದು 3,000ದ ಹತ್ತಿರ ಬಂತು. ಹತ್ತು ಪಟ್ಟು!

ಏನು ಮಾಡಿದರು? ಇದಕ್ಕೆ ಉತ್ತರ ಸಿಗೋದು ಗೂಡಿನಲ್ಲಿ. ವಿರಿಯೊ ಗೂಡು ಕಟ್ಟುವುದು ನೆಲದಿಂದ ಬರೀ ಮೂರು ಅಡಿ ಎತ್ತರದಲ್ಲಿ. ಆ ಹೊಳೆ ದಡಗಳಲ್ಲಿ ಬೆಳೆಯುವ ವಿಲ್ಲೋ ಅನ್ನುವ ಗಿಡದ ಪೊದೆಯಲ್ಲಿ, ಕವಲು ಕಡ್ಡಿಗೆ ಗೂಡಿನ ಅಂಚನ್ನು ಜೇಡರ ಬಲೆಯ ನೂಲಿನಿಂದ ಬಿಗಿದು, ತೊಗಟೆ ಎಳೆ, ಎಲೆ ಚೂರು ಸೇರಿಸಿ ನೇತುಬಿಟ್ಟ ಬಟ್ಟಲು ಅದು. ಅಂದರೆ ಈ ಹಕ್ಕಿಗೆ ಬೇಕಾದದ್ದು ಐವತ್ತು ಅಡಿ ಎತ್ತರದ ಮರ ಅಲ್ಲ, ನಮ್ಮ ಸೊಂಟದ ಮಟ್ಟದಲ್ಲಿ ಒತ್ತಾಗಿ ಹೆಣೆದುಕೊಂಡ ಸೊಪ್ಪು. ಅದೂ ಎಳೆಯದಾಗಿರಬೇಕು, ಪ್ರವಾಹ ಬಂದು ಹಳೆಯದನ್ನು ಕೊಚ್ಚಿಕೊಂಡು ಹೋದ ಮೇಲೆ ಐದರಿಂದ ಹತ್ತು ವರ್ಷ ಬೆಳೆದದ್ದು. ಹೊಳೆ ಆಗಾಗ ಉಕ್ಕದಿದ್ದರೆ ವಿಲ್ಲೋ ಮರಗಳು ಮುದಿಯಾಗಿ, ಕೆಳಗೆ ನೆರಳು ಬಿದ್ದು, ಪೊದೆ ತೆಳ್ಳಗಾಗುತ್ತದೆ. ನಾವು ಪ್ರವಾಹ ಅಂದರೆ ನಷ್ಟ ಅಂತಲೇ ಬರೆದುಕೊಳ್ಳುತ್ತೇವೆ. ಈ ಹಕ್ಕಿಯ ಮಟ್ಟಿಗೆ ಅದು ಹೊಸ ಮನೆಗೆ ಜಾಗ ಬಿಡಿಸುವ ಕೆಲಸ.

ಇಂಥ ಪೊದೆ ಕಡಿಮೆಯಾದದ್ದು ಒಂದು ತೊಂದರೆಯಾದರೆ, ಎರಡನೆಯದು ಕೌಬರ್ಡ್ ಅನ್ನುವ ಹಕ್ಕಿ. ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುತ್ತದಲ್ಲ, ಅದೇ ಜಾತಿ ಕೆಲಸ. ಆದರೆ ಕಾಗೆ ಕೋಗಿಲೆಗಿಂತ ಸಣ್ಣದೇನಲ್ಲ, ವಿರಿಯೊ ಮಾತ್ರ ಕೌಬರ್ಡ್ ಮುಂದೆ ಏನೇನೂ ಅಲ್ಲ. ಕೌಬರ್ಡ್ ಮರಿ ಬೇಗ ಮೊಟ್ಟೆಯೊಡೆದು, ಬೇಗ ದಪ್ಪಗಾಗಿ, ತಂದ ಹುಳವನ್ನೆಲ್ಲ ತಾನೇ ನುಂಗುತ್ತದೆ. ಆ ಗೂಡಿನಲ್ಲಿ ವಿರಿಯೊ ಮರಿ ಬದುಕುವುದು ತೀರಾ ಅಪರೂಪ. ದನಗಳು, ಹೊಲಗಳು ಬಂದ ಹಿಂದೆಯೇ ಕೌಬರ್ಡ್ ಬಂತು, ದಡದ ಕಾಡು ತುಂಡು ತುಂಡಾದಂತೆ ಗೂಡು ಹುಡುಕುವುದೂ ಅದಕ್ಕೆ ಸುಲಭವಾಯಿತು. ಅಲ್ಲಿನವರು ಬೋನಿಟ್ಟು ವರ್ಷ ವರ್ಷ ಕೌಬರ್ಡ್ ಹಿಡಿದರು. ಫಲ ಸಿಕ್ಕಿದ್ದೂ ನಿಜ. ನನ್ನ ಅಭಿಪ್ರಾಯ ಕೇಳಿದರೆ, ಬೋನು ಅನ್ನುವುದು ರಕ್ತ ನಿಲ್ಲಿಸುವ ಪಟ್ಟಿ ಅಷ್ಟೇ. ಪೊದೆ ಇಲ್ಲದ ಕಡೆ ಎಷ್ಟು ಬೋನಿಟ್ಟರೂ ವಿರಿಯೊ ಬಂದು ಕೂರುವುದಿಲ್ಲ.

ಮೂರನೆಯದು ಅರುಂಡೋ. 20 ಅಡಿ ಮೀರಿ ಬೆಳೆಯುವ ದೈತ್ಯ ಜೊಂಡು. 1820ರ ದಶಕದಲ್ಲಿ ಲಾಸ್ ಏಂಜಲೀಸ್ ಕಡೆ ಸೂರು ಹೊದಿಸೋಕೆ, ಮಣ್ಣು ಕೊಚ್ಚದಂತೆ ತಡೆಯೋಕೆ ಅಂತ ತಂದು ನೆಟ್ಟರು. ಅದು ವಿಲ್ಲೋ ಜಾಗವನ್ನೆಲ್ಲ ನುಂಗಿತು. ಹಸಿರಾಗಿ ಕಾಣುತ್ತದೆ, ಆದರೆ ಗೂಡು ಕಟ್ಟೋಕೆ ಕವಲು ಇಲ್ಲ, ತಿನ್ನೋಕೆ ಹುಳ ಇಲ್ಲ, ಒಣಗಿದಾಗ ಬೆಂಕಿ ಬಿದ್ದರೆ ಇಡೀ ದಡ ಉರಿಯುತ್ತದೆ. ಅಲ್ಲಿ ಅದು ಬೀಜದಿಂದ ಹರಡುವುದಿಲ್ಲ. ನೆರೆ ಬಂದಾಗ ಗೆಡ್ಡೆ ಚೂರು ಮುರಿದು, ತೇಲಿ, ಕೆಳಗೆ ಎಲ್ಲೋ ಬೇರು ಬಿಡುತ್ತದೆ. ಹಾಗಾಗಿ ಸಾಂಟಾ ಆನಾ ನದಿಯಲ್ಲಿ ಅದನ್ನು ಕೀಳುವವರು ಮೇಲಿನಿಂದ ಶುರು ಮಾಡಿ ಕೆಳಗೆ ಬರುತ್ತಾರೆ. ಕೆಳಗೆ ಕಿತ್ತು ಮೇಲೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ ಗೋಳು.

ನಮ್ಮಲ್ಲಿ ಅಂತರಗಂಗೆ ವಿಷಯದಲ್ಲಿ ನಡೆಯುವುದು ಇದೇ, ಅಲ್ವಾ? ಮೇಲಿನ ಕೆರೆಯ ತುಂಬ ಅಂತರಗಂಗೆ ಬಿಟ್ಟು ಕೆಳಗಿನ ಕೆರೆಯವರು ವರ್ಷಕ್ಕೆರಡು ಸಲ ದುಡ್ಡು ಸುರಿದು ತೆಗೆಸುತ್ತಿರುತ್ತಾರೆ. ಕೆರೆಗಳು ಒಂದಕ್ಕೊಂದು ಸರಪಳಿ ಅಂತ ಎಲ್ಲರಿಗೂ ಗೊತ್ತು, ಬಜೆಟ್ ಮಾತ್ರ ಒಂದೊಂದು ಕೆರೆಗೂ ಬೇರೆ.

ಇನ್ನೊಂದು ವಿಷಯ ಬೆಂಗಳೂರಿನವರು ಗಮನಿಸಬೇಕು. ಸಾಂಟಾ ಆನಾ ನದಿಯಲ್ಲಿ ಮಳೆ ಇಲ್ಲದ ದಿನಗಳಲ್ಲಿ ಹರಿಯುವ ನೀರಿನಲ್ಲಿ ದೊಡ್ಡ ಪಾಲು ಮೇಲಿನ ಊರುಗಳ ಶುದ್ಧೀಕರಿಸಿದ ಕೊಳಚೆ ನೀರು. ಪ್ರಾಡೊ ಅಣೆಕಟ್ಟಿನ ಹಿಂದೆ, ಅದೇ ನೀರು ಕುಡಿದ ವಿಲ್ಲೋ ಕಾಡಿನಲ್ಲಿ ವಿರಿಯೊ ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತಿದೆ. ವೃಷಭಾವತಿಯಲ್ಲಿ ವರ್ಷವಿಡೀ ನೀರು ಇರುವುದು ನಮ್ಮ ಬಚ್ಚಲುಗಳ ದಯೆಯಿಂದ. ಆ ನೀರು ಸರಿಯಾಗಿ ಶುದ್ಧವಾಗಿ, ದಡ ಮಣ್ಣಿನ ದಡವಾಗಿಯೇ ಉಳಿದಿದ್ದರೆ, ಕೆಂಗೇರಿಯಿಂದ ಆಚೆ ಅರ್ಕಾವತಿ ಸೇರುವವರೆಗೆ ಹಕ್ಕಿಗಳಿಗೆ ಎಂಥ ಜಾಗ ಆಗಬಹುದಿತ್ತು! ನಾವು ಊರೊಳಗೆ ಮಾಡಿದ್ದು ಎರಡೂ ಕಡೆ ಕಾಂಕ್ರೀಟ್ ಗೋಡೆ. ಅದಕ್ಕೆ ದಡವೇ ಇಲ್ಲ, ಪೊದೆ ಎಲ್ಲಿಂದ ಬರಬೇಕು.

ವಿರಿಯೊ ನಮ್ಮಲ್ಲಿ ಇಲ್ಲವಲ್ಲ ಅಂತ ಕೇಳುತ್ತಾರೆ. ಇಲ್ಲ. ಅರ್ಕಾವತಿ ಹುಟ್ಟುವ ನಂದಿಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ಇದೆ, ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಅಪಾಯದಲ್ಲಿರುವ ಹಕ್ಕಿ. ಆದರೆ ಅದು ಬಂಡೆ ನಡುವಿನ ಕುರುಚಲಿನದು, ದಡದ್ದಲ್ಲ. ನಮ್ಮ ದಡಗಳಲ್ಲಿ ಇರುವುದು ಸಿಂಪಿಗ, ಗೀಜಗ, ಬಗೆಬಗೆಯ ಉಲಿಯಕ್ಕಿ, ಚಳಿಗಾಲ ಕಳೆಯೋಕೆ ಬರುವ ಬ್ಲಿತ್ಸ್ ರೀಡ್ ವಾರ್ಬ್ಲರ್. ಇವ್ಯಾವೂ ಇವತ್ತು ಅಳಿವಿನಂಚಿನಲ್ಲಿಲ್ಲ. ವಿರಿಯೊ ಕೂಡ ಒಂದು ಕಾಲಕ್ಕೆ ಹೀಗೇ ಮಾಮೂಲಿ ಹಕ್ಕಿಯಾಗಿತ್ತು. ಪಟ್ಟಿಗೆ ಬರುವವರೆಗೆ ಕಾದು ಆಮೇಲೆ ಬೋನು, ಕೋರ್ಟು, ಕೋಟಿಗಟ್ಟಲೆ ಖರ್ಚು ಅಂತ ಓಡಾಡುವುದಕ್ಕಿಂತ ಈಗ ಪೊದೆ ಬಿಡುವುದು ಅಗ್ಗ.

ದಡ ಕಾಪಾಡುವ ಕಾನೂನಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಕೆರೆ ಸುತ್ತ 75 ಮೀಟರ್ ಬಫರ್, ಅಂದರೆ ಏನೂ ಕಟ್ಟದೆ ಬಿಡುವ ಜಾಗ, ಇರಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಬಫರ್ ಇದ್ದ ಕಡೆಯೂ ಅದರೊಳಗೆ ಹುಲ್ಲುಹಾಸು, ಜಿಮ್ ಸಲಕರಣೆ ತುಂಬಿದರೆ ಹಕ್ಕಿಗೆ ಏನು ಸಿಕ್ಕಿತು?

ಹಾವು, ಸೊಳ್ಳೆ, ಕತ್ತಲು ಅನ್ನುವ ಭಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮಕ್ಕಳು ಓಡಾಡುವ ಜಾಗ. ಅದಕ್ಕೆ ನಾನು ಕೊಡುವ ಪ್ಲಾನು ಹೀಗಿರುತ್ತದೆ. ಪಾತ್ ಒಂದೇ ದಡಕ್ಕೆ ಸಾಕು, ಲೈಟೂ ಆ ಕಡೆಗೆ ಮಾತ್ರ. ಪಾತ್ ಪಕ್ಕ ಆರೇಳು ಅಡಿ ಹುಲ್ಲು ಕತ್ತರಿಸಿಡಿ, ಹಾವು ಬಂದರೆ ಕಾಣುತ್ತದೆ. ಹಾವು ಹುಡುಕಿಕೊಂಡು ಬರುವುದು ಇಲಿಯನ್ನು, ಇಲಿ ಬರುವುದು ಕಸಕ್ಕೆ, ಅದರಿಂದ ಕಸ ಮೊದಲು ಎತ್ತಿಸಿ. ಎದುರು ದಡ ಹಕ್ಕಿಗೆ ಬಿಡಿ. ನೀರಂಚಿಗೆ ಜೊಂಡು, ಅದರ ಹಿಂದೆ ಲಕ್ಕಿ, ಕೇದಗೆ, ಹಿಂದಿನ ಸಾಲಿಗೆ ನೀರುಮತ್ತಿ, ಅತ್ತಿ, ಹೊಂಗೆ. ಲಂಟಾನ ಇದ್ದರೆ ಒಂದೇ ಸಲಕ್ಕೆ ಕೀಳಬೇಡಿ, ಅದರೊಳಗೂ ಗೂಡು ಇರುತ್ತದೆ. ಒಂದು ಪಟ್ಟಿ ಕಿತ್ತು, ಅಲ್ಲಿ ನಮ್ಮ ಗಿಡ ಸೊಂಟದ ಮಟ್ಟ ಬಂದ ಮೇಲೆ ಮುಂದಿನ ಪಟ್ಟಿ. ಕತ್ತಿ ಮುಟ್ಟುವ ತಿಂಗಳೂ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ವಿರಿಯೊ ಇರುವ ಕಡೆ ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ ಸಾಮಾನ್ಯವಾಗಿ ಗಿಡ ಕಡಿಯಲು ಬಿಡುವುದಿಲ್ಲ. ಹಕ್ಕಿ ಇದೆಯೋ ಇಲ್ಲವೋ ನೋಡೋಕೇ ಏಪ್ರಿಲ್ 10ರಿಂದ ಜುಲೈ 31ರ ಒಳಗೆ, ಹತ್ತು ದಿನದ ಅಂತರ ಬಿಟ್ಟು, ಎಂಟು ಸಲ ಹೋಗಬೇಕು. ನಮ್ಮಲ್ಲಿ ಸಿಂಪಿಗ, ಗೀಜಗ ಜೋರಾಗಿ ಗೂಡು ಕಟ್ಟುವುದು ಮಳೆಗಾಲದಲ್ಲಿ, ನಮ್ಮ ವನಮಹೋತ್ಸವದ ಜೆಸಿಬಿಗಳೂ ಹೊರಡುವುದು ಅದೇ ಜೂನ್ ತಿಂಗಳಲ್ಲಿ.

ಕೊನೆಗೆ ದುಡ್ಡಿನ ಮಾತು. ಟೆಂಡರುಗಳಲ್ಲಿ ಸಸಿಯ ಸಂಖ್ಯೆ ಇರುತ್ತದೆ, ಕಳೆ ಕೀಳುವ ಕೂಲಿ ಇರುವುದಿಲ್ಲ. ಕಿತ್ತ ಲಂಟಾನ ಮೊದಲ ಮಳೆಗೇ ಮತ್ತೆ ಚಿಗುರುತ್ತದೆ, ಕನಿಷ್ಠ ಮೂರು ವರ್ಷ ಇಬ್ಬರು ಆಳು ಬೆನ್ನು ಬಿಡದೆ ಕೀಳುತ್ತಲೇ ಇರಬೇಕು. ಅಷ್ಟು ಹಣ ಇಲ್ಲ ಅಂದರೆ ಕೂರೋಕೆ ಕಟ್ಟಿಸುವ ಗೆಜೆಬೊ ಮಂಟಪ ಕೈಬಿಡಿ, ಕೂಲಿ ಅದರಲ್ಲಿ ಹೊರಡುತ್ತದೆ.