ಟೀವೀಲಿ ಬಂತು ಅಂದ್ರೆ ಕಡತಕ್ಕೆ ಹೋಯ್ತು ಅಂತಲ್ಲ ಮಾರಾಯ್ರೆ

ಅಧಿವೇಶನ ನಡೆಯೋ ಟೈಮಲ್ಲಿ ನನಗೆ ಫೋನ್ ಮಾಡೋರು ಹೆಚ್ಚಾಗಿ ಯೂಟ್ಯೂಬ್ ಚಾನೆಲ್ ಹುಡುಗರು, ಇಲ್ಲಾಂದ್ರೆ ಯಾವುದಾದ್ರೂ ಪಾರ್ಟಿಯ ಸೋಷಿಯಲ್ ಮೀಡಿಯಾ ನೋಡ್ಕೊಳ್ಳೋರು. ಮಾಧ್ಯಮದವರ ಕೇಸು ನೋಡೋ ವಕೀಲ ನಾನು, ಕೇಳ್ಲಿ, ಬೇಜಾರಿಲ್ಲ. ಆದ್ರೆ ಎಲ್ರದ್ದೂ ಒಂದೇ ಡೈಲಾಗು: "ಸರ್, ಸಂಸದ್ ಟೀವೀಲೇ ಬಂದಿದೆ, ಸರ್ಕಾರದ್ದೇ ಚಾನೆಲ್ಲು, ಅದನ್ನೇ ನಾವು ಹಾಕಿದ್ರೆ ಏನ್ ತಪ್ಪು?"

ಸರ್ಕಾರದ್ದಲ್ಲ, ಸಂಸತ್ತಿನದ್ದು. 2006ರಲ್ಲಿ ಲೋಕಸಭಾ ಟೀವಿ, 2011ರಲ್ಲಿ ರಾಜ್ಯಸಭಾ ಟೀವಿ, 2021ರ ಸೆಪ್ಟೆಂಬರ್ 15ಕ್ಕೆ ಎರಡೂ ಸೇರಿ ಸಂಸದ್ ಟೀವಿ. ಇದನ್ನ ದೂರದರ್ಶನದ ಜೊತೆ ಕಲಸಬೇಡಿ. ಇದು ಸಣ್ಣ ವಿಷ್ಯ, ಇಲ್ಲಿಗೇ ಬಿಡ್ತೀನಿ.

ದೊಡ್ಡ ವಿಷ್ಯ ಏನಂದ್ರೆ, ಲೈವಲ್ಲಿ ಬಂದದ್ದು ಬೇರೆ, ಕಡತದಲ್ಲಿ, ಅಂದ್ರೆ ಸದನದ ಅಧಿಕೃತ ನಡಾವಳಿ ದಾಖಲೆಯಲ್ಲಿ, ಉಳಿದದ್ದು ಬೇರೆ. ಸದಸ್ಯರು ಮಾತಾಡ್ತಾರೆ, ಕ್ಯಾಮೆರಾ ತೋರಿಸುತ್ತೆ, ದೇಶ ನೋಡುತ್ತೆ. ಆಮೇಲೆ ಸ್ಪೀಕರ್‌ಗೆ (ರಾಜ್ಯಸಭೆಯಲ್ಲಾದ್ರೆ ಸಭಾಪತಿಗೆ) ಆ ಮಾತು ಮಾನಹಾನಿಕರ, ಅಸಭ್ಯ, ಅಸಂಸದೀಯ ಇಲ್ಲಾ ಸದನದ ಘನತೆಗೆ ತಕ್ಕದ್ದಲ್ಲ ಅಂತ ಅನಿಸಿದ್ರೆ ಕಡತದಿಂದ ತೆಗೆಸಬಹುದು. ಲೋಕಸಭೆಯಲ್ಲಿ ಇದಕ್ಕೆ ನಿಯಮ 380, ರಾಜ್ಯಸಭೆಯಲ್ಲಿ 261. ತೆಗೆದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಪೀಠದ, ಅಂದ್ರೆ ಸಭೆ ನಡೆಸೋರ, ಆದೇಶದಂತೆ ತೆಗೆದಿದೆ ಅಂತ ಕೆಳಗೆ ಅಡಿಟಿಪ್ಪಣಿ ಕೊಡ್ತಾರೆ. ಸಂಸತ್ತಿನ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗೀತು. ಕಿವೀಲಿ ಕೇಳಿದ್ವಲ್ಲ ಸರ್ ಅಂತೀರಿ. ಕೇಳಿದ್ರಿ, ಇಲ್ಲ ಅಂದೋರು ಯಾರು? ಮದುವೆ ವಿಡಿಯೋ ಬೇರೆ, ಮದುವೆ ರಿಜಿಸ್ಟರ್ ಬೇರೆ, ವಿಡಿಯೋದಲ್ಲಿ ಯಾರು ಕುಣಿದ್ರು ಅನ್ನೋದನ್ನ ರಿಜಿಸ್ಟ್ರಾರು ಬರ್ಕೊಳ್ಳಲ್ಲ, ಅಷ್ಟೇ.

ಇದರಲ್ಲಿ ತಮಾಷೆ ಏನಂದ್ರೆ ಆದೇಶ ಆ ಕ್ಷಣಕ್ಕೇ ಬರಬೇಕು ಅಂತೇನಿಲ್ಲ. 2024ರ ಜುಲೈ 1ಕ್ಕೆ ರಾಹುಲ್ ಗಾಂಧಿ ವಿರೋಧ ಪಕ್ಷದ ನಾಯಕರಾಗಿ ಲೋಕಸಭೆಯಲ್ಲಿ ಮಾತಾಡಿದ್ರು, ಲೈವ್ ಹೋಯ್ತು, ಕ್ಲಿಪ್‌ಗಳು ಊರೆಲ್ಲ ಓಡಾಡಿದ್ವು, ಮಾರನೇ ದಿನ ನೋಡಿದ್ರೆ ಕೆಲವು ಭಾಗ ಕಡತದಲ್ಲಿಲ್ಲ. ತೆಗೆದದ್ದು ಸರೀನಾ ತಪ್ಪಾ ಅನ್ನೋ ಜಗಳಕ್ಕೆ ನನ್ನ ಎಳೀಬೇಡಿ, ನನ್ನ ಕಕ್ಷಿದಾರರಲ್ಲಿ ಎಲ್ಲಾ ಪಾರ್ಟಿಯೋರೂ ಇದ್ದಾರೆ.

ಹೋದ ಸಲ ಒಬ್ಬ ಹುಡುಗ ಆಫೀಸಿಗೆ ಬಂದು ಮೊಬೈಲ್ ತೋರಿಸಿದ. ಥಂಬ್‌ನೇಲ್ ಮೇಲೆ ಹಳದಿ ಅಕ್ಷರದಲ್ಲಿ "ಸಂಸತ್ ಕಡತದಲ್ಲೇ ದಾಖಲಾದ ಸತ್ಯ!" ನಾನು ಕಂಪ್ಯೂಟರಲ್ಲಿ ಅವತ್ತಿನ ನಡಾವಳಿ ತೆಗೆದು ಆ ಸಾಲು ತೋರಿಸಿದೆ. ಅವನು ಕುಣಿದಾಡ್ತಿದ್ದ ಆ ವಾಕ್ಯದಲ್ಲಿ ಉಳಿದಿದ್ದು ಎರಡೇ ಪದ, ಮಿಕ್ಕಿದ ಕಡೆ ಬರೀ ನಕ್ಷತ್ರ. ಪಾಪ, ಬೆರಳಲ್ಲಿ ಸ್ಕ್ರೀನ್ ಉಜ್ಜಿ ನೋಡ್ದ, ಪೇಜ್ ಸರಿಯಾಗಿ ಲೋಡ್ ಆಗಿಲ್ಲ ಅನ್ಕೊಂಡನೋ ಏನೋ. ಒಳ್ಳೇ ಹುಡುಗ, ಓದ್ತಾನೆ, ಸದನ ನಡೀವಾಗ ಪ್ರಶ್ನೋತ್ತರ ಬಿಡದೆ ನೋಡ್ತಾನೆ, ಅಂಥೋರು ಎಷ್ಟು ಜನ ಇದ್ದಾರೆ ಹೇಳಿ. ಅವನಿಗೆ ಬೈಯೋಕೂ ಮನಸ್ಸಾಗಲಿಲ್ಲ.

ಕಾನೂನು ಏನು ಹೇಳುತ್ತೆ ಅಂದ್ರೆ, ಸದನದಲ್ಲಿ ಆಡಿದ ಮಾತಿಗೆ ಸದಸ್ಯರಿಗೆ ಸಂವಿಧಾನದ 105ನೇ ವಿಧಿ ರಕ್ಷಣೆ ಕೊಡುತ್ತೆ, ಸದನದ ಅಧಿಕಾರದಡಿ ಪ್ರಕಟ ಆಗೋದಕ್ಕೂ ಅದೇ ವಿಧಿ. ನೀವು ಆ ಎರಡರಲ್ಲೂ ಬರಲ್ಲ. ಹೊರಗಿನ ಪತ್ರಿಕೆ, ಪ್ರಸಾರದೋರಿಗೆ ಇರೋದು 361ಎ, 44ನೇ ತಿದ್ದುಪಡಿಯಲ್ಲಿ ಬಂದದ್ದು. ವರದಿ ಬಹುಮಟ್ಟಿಗೆ ನಿಜ ಇರಬೇಕು, ದುರುದ್ದೇಶ ಇರಬಾರದು. ಇದರ ಹಿಂದೆ ಫಿರೋಜ್ ಗಾಂಧಿ ಖಾಸಗಿ ಸದಸ್ಯರಾಗಿ ತಂದ, ಸಂಸತ್ತಿನ ವರದಿ ಮಾಡೋರಿಗೆ ರಕ್ಷಣೆ ಕೊಡೋ 1956ರ ಕಾಯ್ದೆ ಇದೆ, ಎಮರ್ಜೆನ್ಸಿಯಲ್ಲಿ ಅವರ ಹೆಂಡತಿ ಇಂದಿರಾ ಗಾಂಧಿಯ ಸರ್ಕಾರವೇ ಅದನ್ನ ರದ್ದು ಮಾಡ್ತು, 1977ರಲ್ಲಿ ವಾಪಸ್ ಬಂತು. ಇದನ್ನ ಹೇಳ್ತಾ ಕೂತ್ರೆ ಅಂಕಣ ಅಲ್ಲೇ ಮುಗಿಯುತ್ತೆ, ಬಿಡಿ.

ಈಗ ತೆಗೆದ ಮಾತನ್ನೂ ಸೇರಿಸಿ ಪೂರ್ತಿ ಹಾಕಿದ್ರೆ ವರದಿ ನಿಜವೇ ಅಲ್ವಾ ಅಂತ ಕೇಳ್ತೀರಿ. ಇದೇ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ 1958ರಲ್ಲೇ ಬಂದಿತ್ತು. ಬಿಹಾರ ವಿಧಾನಸಭೆಯಲ್ಲಿ ಸ್ಪೀಕರ್ ತೆಗೆಸಿದ ಭಾಗವನ್ನೂ ಸೇರಿಸಿ ಸರ್ಚ್‌ಲೈಟ್ ಪತ್ರಿಕೆ ಭಾಷಣ ಅಚ್ಚು ಹಾಕಿತ್ತು. ಕೋರ್ಟ್ ಹೇಳಿದ್ದು ಏನಪ್ಪಾ ಅಂದ್ರೆ, ತೆಗೆದ ಮಾತು ಕಾನೂನಿನ ಕಣ್ಣಲ್ಲಿ ಸದಸ್ಯರು ಆಡೇ ಇಲ್ಲದ ಹಾಗೆ, ಹಾಗಾಗಿ ಪೂರ್ತಿ ಭಾಷಣ ಹಾಕಿದ್ರೆ ನಡೆದದ್ದನ್ನೇ ಹಾಕಿದ್ರೂ ಅದು ನಂಬಿಕಸ್ತ ವರದಿ ಅನ್ನಿಸ್ಕೊಳ್ಳದೇ ಹೋಗಬಹುದು. ಓದಿ ತಲೆ ಗಿರ್ರ್ ಅಂದ್ರೆ ಚಿಂತೆ ಮಾಡಬೇಡಿ, ನನಗೂ ಮೊದಲ ಸಲ ಹಂಗೇ ಆಗಿತ್ತು. ಆ ತೀರ್ಪಿನ ನಂತರ 361ಎ ಬಂದಿದೆ, ಕಾಲವೂ ಬದಲಾಗಿದೆ. ಹಾಗಾಗಿ ನಿಮ್ಮ ಕೇಸಲ್ಲಿ ಹಿಂಗೇ ಆಗುತ್ತೆ ಅಂತ ಖಡಾಖಂಡಿತ ಹೇಳಲ್ಲ, ಸದನದ ಹಕ್ಕಿಗೆ ಧಕ್ಕೆ ತಂದ್ರಿ ಅನ್ನೋ ಹಕ್ಕುಚ್ಯುತಿ ನೋಟಿಸ್ ಎಲ್ರಿಗೂ ಬರುತ್ತೆ ಅಂತಾನೂ ಹೆದರಿಸಲ್ಲ. ಆದೇಶ ಬರೋ ಮುಂಚೆ ಲೈವಲ್ಲಿ ಹೋದದ್ದು ಒಂದು ಲೆಕ್ಕ, ಬಂದ ಮೇಲೂ ಗೊತ್ತಿದ್ದೂ ಬಿಟ್ಟಿರೋದು ಇನ್ನೊಂದು ಲೆಕ್ಕ. ದುರುದ್ದೇಶದ ಪ್ರಶ್ನೆ ಹೆಚ್ಚಾಗಿ ಹುಟ್ಟೋದು ಈ ಎರಡನೇದ್ರಲ್ಲೇ.

ಇನ್ನೊಂದು, ಪೀಠದಲ್ಲಿ ಕೂತೋರು "ಯಾವುದೂ ಕಡತಕ್ಕೆ ಹೋಗಲ್ಲ" ಅಂತಿರ್ತಾರಲ್ಲ, ಅದು ತೆಗೆಯೋದಲ್ಲ, ದಾಖಲಿಸೋದೇ ಇಲ್ಲ ಅಂತ. ಗಲಾಟೆ ಟೈಮಲ್ಲಿ ಕ್ಯಾಮೆರಾ ಹೆಚ್ಚಾಗಿ ಪೀಠದ ಮುಖಕ್ಕೇ ಅಂಟ್ಕೊಂಡಿರುತ್ತೆ, ಪಕ್ಕದಿಂದ ಯಾರೋ ಕೂಗಿದ್ದು ಸಣ್ಣಗೆ ಕೇಳುತ್ತೆ, ನಮ್ಮೋರು ಆ ಕೂಗಿಗೆ ಸಬ್‌ಟೈಟಲ್ ಹಾಕಿ ಇಂಥೋರೇ ಹಿಂಗಂದ್ರು ಅಂತ ಹೆಸರು ಬೇರೆ ಬರೀತಾರೆ. ಮುಖ ಕಾಣಲ್ಲ, ಕಡತದಲ್ಲಿ ಹೆಸರಿಲ್ಲ, ನಾಳೆ ಆ ಸದಸ್ಯರು ನಾನಲ್ಲ ಅಂದ್ರೆ ಯಾವ ಸಾಕ್ಷಿ ತರ್ತೀರಿ?

2022ರಲ್ಲಿ ಅಸಂಸದೀಯ ಪದಗಳ ಪುಸ್ತಿಕೆ ಬಂದಾಗ ಈ ಪದಗಳೆಲ್ಲ ಬ್ಯಾನ್ ಅಂತ ಎಷ್ಟು ಬೊಬ್ಬೆ ಆಯ್ತು ನೆನಪಿದೆಯಾ? ಯಾವ ಪದಾನೂ ನಿಷೇಧ ಮಾಡಿಲ್ಲ ಅಂತ ಸ್ಪೀಕರ್ ಓಂ ಬಿರ್ಲಾ ಅವ್ರೇ ಹೇಳಬೇಕಾಯ್ತು. ಪಟ್ಟಿ ನೋಡಿ ಕ್ಲಿಪ್ ಕತ್ತರಿಸೋಕೆ ಹೋಗಬೇಡಿ, ಆ ದಿನದ ಆ ಮಾತಿಗೆ ಆದೇಶ ಆಯ್ತಾ ಅಂತ ನೋಡಿ.

ಆ ಹುಡುಗ ಕೊನೆಗೆ ವಿಡಿಯೋ ಡಿಲೀಟ್ ಮಾಡ್ದ. ಒಂದು ವಾರಕ್ಕೆ ಹೊಸದೊಂದು ಶಾರ್ಟ್ಸ್ ಬಂತು: "ಸ್ಪೀಕರ್ ತೆಗೆಸಿದ ಆ ಮಾತು ಯಾವುದು ಗೊತ್ತಾ?" ಕೆಳಗೆ ಮಾತು ಅಕ್ಷರಕ್ಕಕ್ಷರ ಹಂಗೇ ಇದೆ. ಫೋನ್ ಮಾಡ್ದೆ, "ಸರ್, ಈ ಸಲ ತೆಗೆದಿದಾರೆ ಅಂತ ಕ್ಲಿಯರಾಗಿ ಬರ್ದಿದೀನಲ್ಲ" ಅಂದ.