ಹೊಸ ಗ್ಯಾಜೆಟ್ ಬಂದ ವಾರವೇ ಯಾಕೆ ಕೊಳ್ಳಲ್ಲ?

ಓದುಗರ ಪ್ರಶ್ನೆ: ಹೊಸ ಹೊಸ ಗ್ಯಾಜೆಟ್‌ಗಳ ಬಗ್ಗೆ ಇಷ್ಟೆಲ್ಲ ಬರೆಯುತ್ತೀರಿ. ಆದರೆ ಯಾವುದನ್ನೂ ಬಿಡುಗಡೆಯಾದ ಕೂಡಲೇ ನೀವು ಕೊಂಡಿದ್ದು ಕಾಣಲಿಲ್ಲ. ಯಾಕೆ ಸರ್? ದುಡ್ಡಿನ ಲೆಕ್ಕವಾ, ಇಲ್ಲ ಹೊಸದು ಅಂದರೇ ಆಗಲ್ವಾ?

ಜಿಪುಣ ಅಂತ ಮನೆಯಲ್ಲೂ ಹೆಸರಿದೆ, ಅದನ್ನು ಅಲ್ಲಗಳೆಯಲ್ಲ. ಆದರೆ ಒಂದು ಕಾಲದಲ್ಲಿ ನಾನೂ ಕೊಳ್ಳುತ್ತಿದ್ದೆ. ಸಾಕ್ಷಿ ನನ್ನ ಮೇಜಿನ ಎರಡನೇ ಡ್ರಾಯರ್‌ನಲ್ಲಿದೆ. ಅದೊಂದು ಫಿಟ್‌ನೆಸ್ ಬ್ಯಾಂಡ್. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಹಾಗೆ, ಮೊದಲ ತಿಂಗಳು ಹೆಜ್ಜೆ ಎಣಿಸಿದ್ದೇ ಎಣಿಸಿದ್ದು. ದಿನದ ಲೆಕ್ಕಕ್ಕೆ ನಾನೂರು ಹೆಜ್ಜೆ ಕಡಿಮೆ ಬಿತ್ತು ಅಂತ ರಾತ್ರಿ ಹತ್ತು ಗಂಟೆಗೆ ಹಾಲ್‌ನಲ್ಲಿ ಸುತ್ತು ಹಾಕಿದ್ದೂ ಉಂಟು. ಎರಡು ವರ್ಷ ಆಗುವಷ್ಟರಲ್ಲಿ ಕಂಪನಿಯವರು ಅದರ ಆ್ಯಪ್ ನಿಲ್ಲಿಸಿಬಿಟ್ಟರು. ಬ್ಯಾಂಡ್ ಕೆಟ್ಟಿಲ್ಲ. ಚಾರ್ಜ್‌ಗೆ ಹಾಕಿದರೆ ಈಗಲೂ ಹತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಟೈಮ್ ಹೇಳಿಕೊಡಬೇಕಾಗಿದ್ದ ಆ್ಯಪ್ ಇಲ್ಲ. ಹಾಗಾಗಿ ಯಾವಾಗ ನೋಡಿದರೂ ತಪ್ಪು ಟೈಮ್. ಚಾರ್ಜರ್ ಕೂಡ ಬೇರೆ ಯಾವುದಕ್ಕೂ ಆಗಲ್ಲ.

ಅಲ್ಲಿಂದ ಈಚೆಗೆ ಏನೇ ಹೊಸದು ಬಂದರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ನಾಳೆ ಈ ಕಂಪನಿ ಬಾಗಿಲು ಹಾಕಿದರೆ ನನ್ನ ಕೈಯಲ್ಲಿ ಉಳಿಯುವುದೇನು?

ಇದು ಅತಿಯಾಯ್ತು ಅನ್ನಿಸಿದರೆ ಎಐ ಪಿನ್ ಕತೆ ಕೇಳಿ. ಆ್ಯಪಲ್‌ನಲ್ಲಿ ಕೆಲಸ ಮಾಡಿದ್ದ ಗಂಡ-ಹೆಂಡತಿ ಕಟ್ಟಿದ ಅಮೆರಿಕದ ಕಂಪನಿ ಹ್ಯೂಮೇನ್. 2023ರ ನವೆಂಬರ್‌ನಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಡಬ್ಬಿ ತೋರಿಸಿದರು. ಅದಕ್ಕೆ ಸ್ಕ್ರೀನ್ ಇಲ್ಲ. ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತದೆ. ಓದುವುದಿದ್ದರೆ ಅಂಗೈ ಚಾಚಬೇಕು, ಅದರ ಮೇಲೆ ಹಸಿರು ಲೇಸರ್‌ನಲ್ಲಿ ಅಕ್ಷರ ಮೂಡುತ್ತದೆ. ಇನ್ನು ಮೊಬೈಲ್ ಕಾಲ ಮುಗಿದೇಹೋಯಿತು ಅನ್ನುವ ಹಾಗೆ ಸುದ್ದಿ. ಬೆಲೆ 699 ಡಾಲರ್. ಅದರ ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ವರ್ಷಕ್ಕೆ ಲೆಕ್ಕ ಹಾಕಿದರೆ 987 ಡಾಲರ್. ನಮ್ಮ ದುಡ್ಡಿನಲ್ಲಿ ಎಂಬತ್ತು ಸಾವಿರ ದಾಟುತ್ತದೆ.

2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂತು. ಉತ್ತರ ಕೊಡಲು ತಡ ಮಾಡುತ್ತದೆ, ಬಿಸಿಯಾಗುತ್ತದೆ, ಬಿಸಿಲಿನಲ್ಲಿ ಅಂಗೈ ಮೇಲಿನ ಅಕ್ಷರ ಕಾಣಲ್ಲ ಅಂತ ದೂರುಗಳು ಶುರುವಾದವು. ಜೂನ್‌ನಲ್ಲಿ ಕಂಪನಿಯೇ, ಬೆಂಕಿಯ ಅಪಾಯ ಇದೆ, ಚಾರ್ಜಿಂಗ್ ಕೇಸ್ ಬಳಸಬೇಡಿ ಅಂದಿತು. 2025ರ ಫೆಬ್ರವರಿಯಲ್ಲಿ ಎಚ್‌ಪಿ ಕಂಪನಿ 11.6 ಕೋಟಿ ಡಾಲರ್‌ಗೆ ಹ್ಯೂಮೇನ್‌ನ ತಂತ್ರಜ್ಞಾನ, ಪೇಟೆಂಟ್, ಬಹುಪಾಲು ನೌಕರರನ್ನು ತೆಗೆದುಕೊಂಡಿತು. ಪಿನ್ ಅನ್ನು ತೆಗೆದುಕೊಳ್ಳಲಿಲ್ಲ. ಫೆಬ್ರವರಿ 28ಕ್ಕೆ ಸರ್ವರ್ ಬಂದ್. ಕಾಲ್ ಇಲ್ಲ, ಮೆಸೇಜ್ ಇಲ್ಲ, ಎಐ ಇಲ್ಲ. ಕೊನೆಯ 90 ದಿನಗಳಲ್ಲಿ ಪಿನ್ ತರಿಸಿಕೊಂಡವರಿಗೆ ಮಾತ್ರ ದುಡ್ಡು ವಾಪಸ್. ಅಂದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರಿಗೆ ಒಂದು ಬಿಡಿಗಾಸೂ ಇಲ್ಲ. ಹಾಗಾದರೆ ಇನ್ನು ಪಿನ್ ಏನು ಮಾಡುತ್ತದೆ? ನೆಟ್ ಬೇಡದ ಕೆಲಸಗಳು ನಡೆಯುತ್ತವೆ ಅಂದಿತು ಕಂಪನಿ. ಅದಕ್ಕೆ ಕೊಟ್ಟ ಉದಾಹರಣೆ: ಬ್ಯಾಟರಿ ಎಷ್ಟಿದೆ ಅಂತ ಹೇಳುತ್ತದೆ!

ನಮ್ಮತ್ತೆಯ ಮಿಕ್ಸಿ ಇಪ್ಪತ್ತು ವರ್ಷದ್ದು. ಹೋದ ತಿಂಗಳು ಸದ್ದು ಮಾತ್ರ ಬರುತ್ತಿತ್ತು, ಜಾರ್ ತಿರುಗುತ್ತಿರಲಿಲ್ಲ. ರಿಪೇರಿ ಅಂಗಡಿಯವನು ತಳ ನೋಡಿ, "ಕಪ್ಲರ್ ಸವೆದಿದೆ ಅಮ್ಮಾ" ಅಂದ. ಐದು ನಿಮಿಷದ ಕೆಲಸ, ಎಂಬತ್ತು ರೂಪಾಯಿ. ಆ ಮಿಕ್ಸಿ ಮಾಡಿದ ಕಂಪನಿ ಈಗ ಇದೆಯೋ ಇಲ್ಲವೋ, ಅತ್ತೆಗೂ ಬೇಕಿಲ್ಲ, ಚಟ್ನಿಗೂ ಬೇಕಿಲ್ಲ.

ಒಳ್ಳೆಯ ವಸ್ತುವಾದರೆ ಮೊದಲ ದಿನವೇ ಕೊಳ್ಳಬಹುದಲ್ವಾ ಅಂತ ಕೇಳಬಹುದು. ಐಫೋನ್‌ಗಿಂತ ಗೆದ್ದ ವಸ್ತು ಬೇಕಾ? ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2007ರ ಜೂನ್ 29ಕ್ಕೆ. 8 ಜಿಬಿ ಫೋನಿಗೆ 599 ಡಾಲರ್. ಜನ ರಾತ್ರಿಯೆಲ್ಲ ಸಾಲು ನಿಂತು ಕೊಂಡರು. ಸೆಪ್ಟೆಂಬರ್ ಮೊದಲ ವಾರ ಅದೇ ಫೋನ್ 399 ಡಾಲರ್‌ಗೆ ಇಳಿಯಿತು. ಸಾಲು ನಿಂತಿದ್ದವರು ಗಲಾಟೆ ಮಾಡಿದ ಮೇಲೆ 100 ಡಾಲರ್ ಕೊಟ್ಟರು, ಅದೂ ಆ್ಯಪಲ್ ಅಂಗಡಿಯಲ್ಲೇ ಖರ್ಚು ಮಾಡಬೇಕು ಅಂತ. ಆ ಫೋನಿಗೆ ಆಗ ಆ್ಯಪ್ ಸ್ಟೋರ್ ಕೂಡ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಕಾಪಿ-ಪೇಸ್ಟ್ ಬರಲು 2009 ಆಯಿತು. ಸುಮ್ನೆ ಕಾದವರಿಗೆ ಕಡಿಮೆ ದುಡ್ಡಿಗೆ ಜಾಸ್ತಿ ಫೋನ್ ಸಿಕ್ಕಿತು.

ಸ್ಯಾಮ್ಸಂಗ್‌ನ ಮೊದಲ ಮಡಚುವ ಫೋನ್ 2019ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಪರೀಕ್ಷೆಗೆ ಪಡೆದವರಲ್ಲಿ ಕೆಲವರು ಸ್ಕ್ರೀನ್ ಮೇಲಿನ ಪದರವನ್ನು ಹೊಸ ಫೋನಿನ ಪ್ಲಾಸ್ಟಿಕ್ ಅಂದುಕೊಂಡು ಕಿತ್ತರು. ಸ್ಕ್ರೀನ್ ಕೆಟ್ಟಿತು. ಪದರ ಕೀಳದವರದ್ದೂ ಕೆಲವು ಕೆಟ್ಟವು. ಮಾರಾಟ ಸೆಪ್ಟೆಂಬರ್‌ಗೆ ಹೋಯಿತು. ಅದು ಗ್ರಾಹಕರ ಪುಣ್ಯ. ಇಂಥ ತಪ್ಪುಗಳಲ್ಲಿ ಎಷ್ಟೋ ನಾವು ದುಡ್ಡು ಕೊಟ್ಟ ಮೇಲೆಯೇ ಹೊರಗೆ ಬರುವುದು.

ಜ್ಯೂಸೆರೊ ಅನ್ನುವ ಜ್ಯೂಸ್ ಯಂತ್ರದ ಹಣೆಬರಹ ಬೇರೆ. 2016ರಲ್ಲಿ ಬಂದಾಗ ಅದಕ್ಕೆ 699 ಡಾಲರ್. ಕಂಪನಿಯವರೇ ಮಾರುವ ಹಣ್ಣು-ತರಕಾರಿ ತುಂಡಿನ ಪೊಟ್ಟಣ ಇಟ್ಟರೆ ಹಿಂಡಿ ಕೊಡುತ್ತದೆ. ಮರುವರ್ಷ ಬ್ಲೂಮ್‌ಬರ್ಗ್ ವರದಿಗಾರರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿದರು. ಯಂತ್ರದಷ್ಟೇ ಬೇಗ, ಹೆಚ್ಚುಕಡಿಮೆ ಅಷ್ಟೇ ಜ್ಯೂಸ್ ಬಂತು. ಕೆಲವೇ ತಿಂಗಳಲ್ಲಿ ಕಂಪನಿ ಮುಚ್ಚಿತು.

ಹಾಗಂತ ನನ್ನ ಅನುಮಾನ ಯಾವಾಗಲೂ ಗೆದ್ದಿಲ್ಲ. ಇಂಡಕ್ಷನ್ ಸ್ಟೌ ಬಂದ ಹೊಸದರಲ್ಲಿ, ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಬಿಸಿಯೇ ಆಗದ ಒಲೆ ಎಂಥ ಒಲೆ ಅಂತ ನಕ್ಕವನು ನಾನು. ನಾಲ್ಕೈದು ವರ್ಷ ಕೊಳ್ಳಲೇ ಇಲ್ಲ. ಒಂದು ಭಾನುವಾರ ನೆಂಟರು ಬಂದು ಕೂತಾಗ ಗ್ಯಾಸ್ ಖಾಲಿಯಾಯಿತು. ಪಕ್ಕದ ಮನೆಯವರ ಇಂಡಕ್ಷನ್ ಮೇಲೆ ಕಾಫಿ ಆಯಿತು. ಹೆಂಡತಿ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದಳು ಅಷ್ಟೇ. ಮರುದಿನವೇ ತಂದೆ.

ಈಗ ನಾನು ಮಾಡುವುದು ಇಷ್ಟು. ಬಿಡುಗಡೆಯ ವಾರದ ವಿಡಿಯೊಗಳನ್ನು ನಂಬಲ್ಲ. ನಾಲ್ಕು ದಿನ ಬಳಸಿದವರಿಗೆ ನಾಲ್ಕು ದಿನದ ವಿಷಯವೇ ಗೊತ್ತಿರುವುದು. ಆರು ತಿಂಗಳು ಬಿಟ್ಟು ಸೆಕೆಂಡ್‌ಹ್ಯಾಂಡ್ ಮಾರಾಟದ ಆ್ಯಪ್ ತೆರೆದು ಆ ವಸ್ತುವಿನ ಹೆಸರು ಹುಡುಕುತ್ತೇನೆ. "ಹತ್ತು ಸಲ ಮಾತ್ರ ಬಳಸಿದ್ದು, ಬಾಕ್ಸ್, ಬಿಲ್ ಎಲ್ಲ ಇದೆ" ಅನ್ನುವ ಜಾಹೀರಾತು ಸಾಲುಗಟ್ಟಿದ್ದರೆ ನನಗೆ ಉತ್ತರ ಸಿಕ್ಕಿದ ಹಾಗೆಯೇ. ಯಾರೂ ಮಾರುತ್ತಿಲ್ಲ ಅಂದರೆ ಆಸೆ ಶುರುವಾಗುತ್ತದೆ.

ಸದ್ಯ ಆಸೆ ಇರುವುದು ನೆಲ ಗುಡಿಸುವ ರೋಬೋ ಮೇಲೆ. ಗೆಳೆಯನ ಫ್ಲ್ಯಾಟ್‌ನಲ್ಲಿ ಚೆನ್ನಾಗಿಯೇ ಓಡಾಡುತ್ತಿದೆ. ಎರಡು ಸೆಂಟಿಮೀಟರ್‌ವರೆಗಿನ ಎತ್ತರ ಹತ್ತಿ ಇಳಿಯುತ್ತದಂತೆ. ಮನೆಗೆ ಬಂದು ಟೇಪ್ ಹಿಡಿದು ನಮ್ಮ ಅಡುಗೆಮನೆಯ ಹೊಸ್ತಿಲು ಅಳೆದೆ. ಏಳೂವರೆ ಸೆಂಟಿಮೀಟರ್.